ದನಿಯ ಊಹೆಗೆ ಕಟ್ಟಿದ ಬೆಲೆ

2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿ ಕರೆದೊಯ್ದ ಕಾಡುಗಳ್ಳ ವೀರಪ್ಪನ್, ಹೊರಡುವ ಮುನ್ನ ಅವರ ಪತ್ನಿ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ಮುಟ್ಟಬೇಕಾದ ಮಾತು ಅದರೊಳಗಿತ್ತು. ಚಾಮರಾಜನಗರದ ಗಡಿಗೆ ಅಂಟಿಕೊಂಡಿರುವ ತಾಳವಾಡಿಯ ಕನ್ನಡ ಸೀಮೆಯಿಂದ ಆ ದನಿ ರಸ್ತೆ ಹಿಡಿದು ಬೆಂಗಳೂರಿಗೆ ಬಂತು. ನವೆಂಬರ್ 15ರಂದು ಅವರ ಬಿಡುಗಡೆಯಾಗುವವರೆಗೂ ಕಾಡಿನ ಮಾತು ನಾಡಿಗೆ ಬಂದದ್ದು ಹೆಚ್ಚಾಗಿ ಹೀಗೆಯೇ, ಟೇಪಿನಲ್ಲಿ ಸುತ್ತಿಕೊಂಡು, ಯಾರದೋ ಕೈಯಲ್ಲಿ.

ನಮ್ಮಲ್ಲಿ ದನಿ ಹೀಗೆ ಕೈಯಿಂದ ಕೈಗೆ ಸಾಗುತ್ತಿದ್ದ ಅದೇ ವರ್ಷ, ಆ ಅಪಹರಣಕ್ಕೆ ನಾಲ್ಕು ತಿಂಗಳ ಮೊದಲು, ಮಾರ್ಚ್ ಕೊನೆಯಲ್ಲಿ, ಅಮೆರಿಕದ ಟೆಲಿಫೋನ್ ದೈತ್ಯ ಎಟಿ ಅಂಡ್ ಟಿ, ಇಂಟರ್ನೆಟ್ ಮೂಲಕ ಫೋನ್ ಮಾಡಿಸುವ ನೆಟ್‌2ಫೋನ್ ಎಂಬ ಕಂಪನಿಯಲ್ಲಿ ಶೇ. 32ರಷ್ಟು ಪಾಲಿಗೆ 140 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಒಂದು ಶೇರಿಗೆ 75 ಡಾಲರ್. ಆರು ವರ್ಷದ ನಂತರ ಅದೇ ಕಂಪನಿಯ ಉಳಿದ ಶೇರುಗಳನ್ನು ಅದರ ಮೂಲ ಒಡೆಯ ಐಡಿಟಿ ಎರಡು ಡಾಲರ್ ಆಸುಪಾಸಿಗೆ ಕೊಂಡುಕೊಂಡಿತು.

ಇಂಥ ಲೆಕ್ಕ ನೋಡಿದಾಗ ಜನ ‘ದುಡ್ಡು ಹೆಚ್ಚಾದವರ ಹುಚ್ಚು’ ಅಂದು ಪುಟ ತಿರುಗಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೊಂಡವರು ದಡ್ಡರಲ್ಲ; ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದನ್ನು ಮಾತ್ರ ತಪ್ಪಾಗಿ ತಿಳಿದಿದ್ದರು. ಅದು ಅರ್ಥವಾಗಬೇಕಾದರೆ ಇಂಟರ್ನೆಟ್ ಕರೆಯ ಮೂಲಕ್ಕೆ, ಅಂದರೆ ಮನುಷ್ಯನ ದನಿಯನ್ನು ಹೊತ್ತು ಸಾಗಿಸಬೇಕಿಲ್ಲ ಎಂದು ಕಂಡುಕೊಂಡ ಗಳಿಗೆಗೆ, ಹೋಗಬೇಕು. ಆ ದಾರಿ ಬೆಂಗಳೂರನ್ನು ಹಾದೇ ಹೋಗುತ್ತದೆ.

ಕಾನ್ಪುರದಲ್ಲಿ 1933ರಲ್ಲಿ ಹುಟ್ಟಿದ ಬಿಷ್ಣು ಅಟಲ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಓದಿ 1955ರಲ್ಲಿ ಡಿಪ್ಲೊಮಾ ಪಡೆದರು. 1957ರಿಂದ 1960ರವರೆಗೆ ಅಲ್ಲಿಯೇ ಧ್ವನಿಶಾಸ್ತ್ರದ ಪಾಠ ಹೇಳಿದರು. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು. ಅಲ್ಲಿ ಅವರ ಮೇಲಿದ್ದವರು ಜರ್ಮನಿಯ ಮ್ಯಾನ್‌ಫ್ರೆಡ್ ಶ್ರೋಡರ್. ಮೊದಮೊದಲು ಇಬ್ಬರ ಕೆಲಸವೂ ಸಂಗೀತ ಸಭಾಂಗಣದ ಪ್ರತಿಧ್ವನಿ, ಸ್ಟೀರಿಯೊ ಇಂಥವುಗಳ ಸುತ್ತಲೇ ಇತ್ತು.

ಆಗ ಬೆಲ್ ಲ್ಯಾಬ್ಸ್‌ಗೆ ಇದ್ದ ತಲೆನೋವು ಬೇರೆ. ದನಿಯನ್ನು ಅಂಕಿಗಳಾಗಿ ಮಾಡಿ ಕಳಿಸುವ ವಿದ್ಯೆ ಗೊತ್ತಿತ್ತು. ಒಂದು ಸೆಕೆಂಡಿನ ಮಾತನ್ನು 8,000 ಸಲ ಅಳೆಯಬೇಕು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯಬೇಕು. ಸೆಕೆಂಡಿಗೆ 64,000 ಬಿಟ್. ಒಂದು ‘ಹಲೋ’ಗೆ ಇಷ್ಟು ಸಾಮಾನು. ಸಮುದ್ರದಡಿಯ ತಂತಿಗೆ ಇದು ಭಾರ. ದನಿಯನ್ನು ಹಿಂಡಿ ಸಣ್ಣದು ಮಾಡುವ ವೊಕೋಡರ್ ಎಂಬ ಯಂತ್ರ 1930ರ ದಶಕದಲ್ಲೇ ಬಂದಿತ್ತು. ಯುದ್ಧಕಾಲದಲ್ಲಿ ಚರ್ಚಿಲ್ ಮತ್ತು ರೂಸ್‌ವೆಲ್ಟ್ ಗುಟ್ಟಾಗಿ ಮಾತಾಡಿದ್ದು ಅದರ ಮರಿಯ ಮೂಲಕವೇ. ಆದರೆ ಅದರಲ್ಲಿ ಮಾತು ಮಾತಿನಂತೆ ಕೇಳುತ್ತಿರಲಿಲ್ಲ. ಯಾರ ದನಿ ಎಂದು ಗುರುತು ಹಿಡಿಯುವುದೇ ಕಷ್ಟ.

ಅಟಲ್ ಬೆಲ್ ಲ್ಯಾಬ್ಸ್ ಕೆಲಸದ ಜೊತೆಗೆ ಬ್ರೂಕ್ಲಿನ್ ಪಾಲಿಟೆಕ್ನಿಕ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಆ ಪಾಠಗಳ ನಡುವೆ ‘ಮುನ್ನಂದಾಜು’ ಎಂಬ ಗಣಿತ ಅವರ ಕಣ್ಣಿಗೆ ಬಿತ್ತು. ಶತ್ರು ವಿಮಾನ ಇಷ್ಟು ಹೊತ್ತು ಹಾರಿದ ದಾರಿ ನೋಡಿ ಮುಂದಿನ ಕ್ಷಣ ಎಲ್ಲಿರುತ್ತದೆ ಎಂದು ಹೇಳಲು ನಾರ್ಬರ್ಟ್ ವೀನರ್ ಯುದ್ಧಕಾಲದಲ್ಲಿ ಕಟ್ಟಿದ ಗಣಿತ ಅದು. ದನಿಯೂ ಹಾಗೆಯೇ ಅಲ್ಲವೇ? ಹಿಂದಿನ ಹತ್ತು ಅಳತೆ ಗೊತ್ತಿದ್ದರೆ ಹನ್ನೊಂದನೆಯದು ಸುಮಾರಾಗಿ ಎಷ್ಟೆಂದು ಹೇಳಿಬಿಡಬಹುದು. ಹೇಳಲು ಆಗುವುದನ್ನು ಕಳಿಸುವುದೇಕೆ? ಊಹೆ ತಪ್ಪಿದಷ್ಟನ್ನು ಮಾತ್ರ ಕಳಿಸಿದರೆ ಸಾಕು. 1967ರಲ್ಲಿ ಅಟಲ್ ಮತ್ತು ಶ್ರೋಡರ್ ಇದನ್ನು ಮಂಡಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿನ ಎನ್‌ಟಿಟಿಯಲ್ಲಿ ಇಟಾಕುರಾ ಮತ್ತು ಸೈಟೋ, ಇವರ ಸುದ್ದಿಯೇ ಗೊತ್ತಿಲ್ಲದೆ, ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದು ನಿಂತಿದ್ದರು.

ಈ ಊಹೆ ಫಲಿಸಿದ್ದು ಮನುಷ್ಯನ ಬಾಯಿ ನಿಧಾನವಾದ್ದರಿಂದ. ಕನ್ನಡ ವರ್ಣಮಾಲೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕವರ್ಗದಿಂದ ಪವರ್ಗದವರೆಗೆ ಗಂಟಲಿನಿಂದ ತುಟಿಯವರೆಗಿನ ಜಾಗಗಳು. ಒಂದೊಂದು ಸಾಲಿನೊಳಗೆ ಗಂಟಲು ನಡುಗುತ್ತದೋ ಇಲ್ಲವೋ ಎಂಬ ಭೇದ. ಗಂಟಲ ಮೇಲೆ ಬೆರಳಿಟ್ಟು ‘ಸ್’ ಎಂದು ಎಳೆಯಿರಿ, ನಡುಕವಿಲ್ಲ. ‘ಆ’ ಎಂದು ಎಳೆಯಿರಿ, ಬೆರಳಿಗೆ ನಡುಕ ಮುಟ್ಟುತ್ತದೆ. ಒಂದು ಕಡೆ ನಡುಕ ಅಥವಾ ಉಸಿರು, ಇನ್ನೊಂದು ಕಡೆ ಅದು ಹಾದುಬರುವ ಕೊಳವೆಯ ಆಕಾರ. ಮಾತೆಂದರೆ ಈ ಎರಡೇ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ದನಿ ಹುಟ್ಟುವ ಬಗೆ ಹೇಳುವಾಗ ಕಹಳೆಯನ್ನು ನೆನೆದದ್ದು ಸುಮ್ಮನೆ ಅಲ್ಲ. ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ನಾಲಿಗೆ, ತುಟಿ ಎಷ್ಟು ತಾನೇ ಕದಲೀತು? ಅಷ್ಟು ಹೊತ್ತಿಗೆ 160 ಅಳತೆ ಕಳಿಸುವ ಬದಲು, ಕೊಳವೆಯ ಆಕಾರ ಹೇಳುವ ಹತ್ತು ಅಂಕಿ, ನಡುಕದ ವೇಗ, ದನಿಯ ಜೋರು ಇಷ್ಟು ಕಳಿಸಿದರೆ ಆ ತುದಿಯ ಯಂತ್ರ ತಾನೇ ಕಹಳೆ ಊದಿಕೊಳ್ಳುತ್ತದೆ. 64,000 ಬಿಟ್ ಇದ್ದದ್ದು ಸೆಕೆಂಡಿಗೆ 2,400ಕ್ಕೂ ಇಳಿಯಿತು.

ಹಾಗಾಗಿ ಫೋನಿನಲ್ಲಿ ನೀವು ಕೇಳುವುದು ಆ ಕಡೆಯವರ ದನಿಯಲ್ಲ, ಆ ದನಿಯನ್ನು ನಿಮ್ಮ ಕೈಯಲ್ಲಿರುವ ಫೋನ್ ಕಟ್ಟಿ ಹಾಡುತ್ತಿರುವುದು. ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ ಕಳೆದು ಬಂಡೀಪುರದ ಕಾಡಿಗೆ ಇಳಿಯುತ್ತಿದ್ದಂತೆ ವಾಟ್ಸ್‌ಆ್ಯಪ್ ಕರೆಯ ದನಿ ಲೋಹದ ತಗಡಿನಂತಾಗುವುದು ನೋಡಿದ್ದೀರಾ? ನೆಟ್‌ವರ್ಕ್ ಸಾಲದೆ ಮಾತಿನ ತುಣುಕುಗಳು ಬಂದು ಮುಟ್ಟಿಲ್ಲ. ಫೋನ್ ಬಿಟ್ಟುಕೊಡುವುದಿಲ್ಲ; ಕೊನೆಗೆ ಸಿಕ್ಕ ಆಕಾರವನ್ನೇ ಹಿಡಿದು ಒಂದಷ್ಟು ಹೊತ್ತು ಎಳೆಯುತ್ತದೆ, ಆಮೇಲೆ ದನಿ ತಗ್ಗಿಸಿ ಸುಮ್ಮನಾಗುತ್ತದೆ. ‘ಕೇಳಾಕಿಲ್ಲ ಕನಣ್ಣ, ಕಟ್ ಕಟ್ ಆಯ್ತದೆ’ ಎಂದು ನಾವು ಕೂಗುವುದು ಆಗ. ಅಟಲ್ ಅವರ ಗಣಿತ ಬರಿಗಣ್ಣಿಗೆ, ಅಲ್ಲ, ಬರಿಗಿವಿಗೆ ಸಿಗುವ ಜಾಗ ಅದು.

ಊಹೆ ಸಿಕ್ಕರೆ ಸಾಲದು, ಹಾದಿಯೂ ಬೇಕು. ಇಂಟರ್ನೆಟ್‌ನ ತಾಯಿಯಾದ ಆರ್ಪಾನೆಟ್ ಕಡತ ಕಳಿಸಲು ಕಟ್ಟಿದ್ದು. ಒಂದು ತುಣುಕು ಕಳೆದರೆ ಮತ್ತೆ ಕೇಳಿ ತರಿಸುವುದು, ಎಲ್ಲ ಬಂದಮೇಲೆ ಸಾಲಾಗಿ ಜೋಡಿಸುವುದು ಅದರ ಶಿಸ್ತು. ಕ್ಯಾಲಿಫೋರ್ನಿಯಾದ ಡ್ಯಾನಿ ಕೊಹೆನ್‌ಗೆ ಈ ಶಿಸ್ತೇ ಮಾತಿಗೆ ಶತ್ರು ಎಂದು ಹೊಳೆಯಿತು. ತಡವಾಗಿ ಬಂದ ಅಕ್ಷರದಿಂದ ಕಡತಕ್ಕೆ ಲಾಭವಿದೆ. ತಡವಾಗಿ ಬಂದ ಮಾತಿನಿಂದ ಸಂಭಾಷಣೆಗೆ ಏನೂ ಲಾಭವಿಲ್ಲ. ಕಳೆದದ್ದು ಕಳೆಯಲಿ, ಮುಂದಿನದು ಬರಲಿ. 1974ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೂ ಪೂರ್ವ ತೀರದ ಲಿಂಕನ್ ಲ್ಯಾಬ್‌ಗೂ ನಡುವೆ ಆರ್ಪಾನೆಟ್ ಮೇಲೆ ಮಾತು ಹರಿಯಿತು. ಡಿಸೆಂಬರ್‌ನಲ್ಲಿ ಅಟಲ್ ಅವರ ವಿಧಾನ ಬಳಸಿ ಸೆಕೆಂಡಿಗೆ 3,500 ಬಿಟ್‌ಗಳಷ್ಟರಲ್ಲೇ ಮಾತು ಮುಟ್ಟಿತು. ಇಂದಿನ ಇಂಟರ್ನೆಟ್‌ನಲ್ಲಿ ಟಿಸಿಪಿ, ಐಪಿ ಎಂದು ಎರಡು ಬೇರೆ ಪದರಗಳಿರುವುದಕ್ಕೆ ಕೊಹೆನ್ ಅವರ ಈ ಹಟವೂ ಒಂದು ಕಾರಣ.

1985ರಲ್ಲಿ ಶ್ರೋಡರ್ ಮತ್ತು ಅಟಲ್ ಇನ್ನೂ ಸಹಜವಾಗಿ ಕೇಳುವ ಸೆಲ್ಪ್ ಎಂಬ ವಿಧಾನ ಪ್ರಕಟಿಸಿದರು. ಅಂದಿನ ಕ್ರೇ-1 ಸೂಪರ್ ಕಂಪ್ಯೂಟರಿಗೆ ಒಂದು ಸೆಕೆಂಡಿನ ಮಾತನ್ನು ಹಿಂಡಲು 150 ಸೆಕೆಂಡು ಹಿಡಿಯಿತಂತೆ. ನೋಡಿದವರು ನಕ್ಕಿರಲಿಕ್ಕೂ ಸಾಕು. ಮುಂದೆ ಅದೇ ಮನೆತನದ ವಿಧಾನಗಳು ಪ್ರತಿಯೊಬ್ಬರ ಮೊಬೈಲಿನೊಳಗೆ ಬಂದು ಕೂತವು.

ಇತ್ತ ನಮ್ಮ ಕಡೆ 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಹಳ್ಳಿ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿತು. ಎ.ಸಿ. ಇಲ್ಲದೆ, ಧೂಳು ಸೆಕೆ ತಡೆದು ನಡೆಯುವ 128 ಪೋರ್ಟಿನ ಪೆಟ್ಟಿಗೆ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯಲ್ಲಿ ಕಾಯುತ್ತಿದ್ದ ಕಾಲಕ್ಕೆ ಅಲ್ಲಿಂದ ಇಳಿಮುಖ. ಎಸ್‌ಟಿಡಿ ಬೂತುಗಳು ಬಂದವು, ರಾತ್ರಿ ತಡವಾದಮೇಲೆ ಕಾಲು ದರಕ್ಕೆ ಸಾಲು ನಿಂತದ್ದೂ ಆಯಿತು. ಹೊರದೇಶದ ಕರೆ ಮಾತ್ರ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಕೈಯಲ್ಲೇ ಉಳಿದು ಚಿನ್ನದ ಬೆಲೆಯಾಗಿತ್ತು. ಸರ್ಕಾರ ಇಂಟರ್ನೆಟ್ ಕರೆಗೆ ಬಾಗಿಲು ತೆಗೆದದ್ದು 2002ರ ಏಪ್ರಿಲ್ 1ರಂದು.

ಮರುವರ್ಷದ ಆಗಸ್ಟ್‌ನಲ್ಲಿ ಸ್ಕೈಪ್ ಬಂತು. ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನುಸ್ ಫ್ರೀಸ್, ಕೋಡ್ ಬರೆದವರು ಎಸ್ಟೋನಿಯಾದ ಹುಡುಗರು. ಇದೇ ತಂಡ ಮೊದಲು ಹಾಡು ಹಂಚಿಕೊಳ್ಳುವ ಕಜಾ ಮಾಡಿತ್ತು. ಅದರ ತಂತ್ರವನ್ನೇ ಇಲ್ಲಿಗೆ ತಂದರು. ಬಳಸುವವರ ಕಂಪ್ಯೂಟರುಗಳೇ ಪರಸ್ಪರ ಕರೆಗಳನ್ನು ದಾಟಿಸುತ್ತವೆ, ಕಂಪನಿಗೆ ದೊಡ್ಡ ಎಕ್ಸ್‌ಚೇಂಜ್ ಬೇಡ. 2004ರಲ್ಲಿ ಅದರ ಆದಾಯ ಸುಮಾರು 70 ಲಕ್ಷ ಡಾಲರ್. 2005ರಲ್ಲಿ ಆನ್‌ಲೈನ್ ಮಾರಾಟ ತಾಣ ಇಬೇ ಅದನ್ನು 260 ಕೋಟಿ ಡಾಲರ್‌ಗೆ ಕೊಂಡಿತು.

ಇಬೇ ಹೇಳಿದ ಕಾರಣ ಕೇಳಲು ಚೆನ್ನಾಗಿಯೇ ಇತ್ತು: ಕೊಳ್ಳುವವನೂ ಮಾರುವವನೂ ಮಾತಾಡಿಕೊಂಡರೆ ವ್ಯಾಪಾರ ಬೇಗ ಕುದುರುತ್ತದೆ. ಗುಂಡ್ಲುಪೇಟೆ ಬಳಿಯ ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ನಿಂತವರು ಇದನ್ನು ತಲೆಯಾಡಿಸಿ ಒಪ್ಪುತ್ತಾರೆ. ಆದರೆ ಇಬೇಯಲ್ಲಿ ಹಳೆ ಕ್ಯಾಮೆರಾ ಮಾರುವವನಿಗೆ ಕೊಳ್ಳುವವನ ಜೊತೆ ಮಾತು ಬೇಕಿರಲಿಲ್ಲ. ಚಿತ್ರ, ಬೆಲೆ, ಇಮೇಲ್ ಸಾಕಿತ್ತು. 2007ರಲ್ಲಿ ಇಬೇ ಸುಮಾರು 140 ಕೋಟಿ ಡಾಲರ್‌ನ ಹೊರೆಯನ್ನು ತನ್ನ ಲೆಕ್ಕಪುಸ್ತಕದಲ್ಲಿ ತೋರಿಸಬೇಕಾಯಿತು.

ಇದಕ್ಕಿಂತ ದೊಡ್ಡ ತಮಾಷೆ ಆಮೇಲೆ ಹೊರಬಿತ್ತು. ಬಾವಿ ಮಾರಿದವನು ‘ಮಾರಿದ್ದು ಬಾವಿ, ನೀರಲ್ಲ’ ಎಂದು ಜಗಳ ತೆಗೆದ ಕತೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವಲ್ಲ, ಅದೇ. ಸ್ಕೈಪ್‌ನ ಒಡಲಾದ ಆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟಿಸುವ ತಂತ್ರ ಸ್ಕೈಪ್‌ನದಾಗಿರಲಿಲ್ಲ. ಸ್ಥಾಪಕರ ಜೋಲ್ಟಿಡ್ ಎಂಬ ಇನ್ನೊಂದು ಕಂಪನಿಯದು, ಇಬೇಗೆ ಸಿಕ್ಕದ್ದು ಬಳಸುವ ಪರವಾನಗಿ ಮಾತ್ರ. 2009ರಲ್ಲಿ ಇಬೇ ಸ್ಕೈಪ್‌ನ ಹೆಚ್ಚಿನ ಪಾಲನ್ನು ಹೂಡಿಕೆದಾರರಿಗೆ ಮಾರಲು ಹೊರಟಾಗ ಜೋಲ್ಟಿಡ್ ಕೋರ್ಟಿಗೆ ಹೋಯಿತು. ಕತೆಯಲ್ಲಿ ಬಾವಿ ಮಾರಿದವನು ಸೋಲುತ್ತಾನೆ, ಇಲ್ಲಿ ಶೇ. 14ರ ಪಾಲು ಪಡೆದು ಸ್ಥಾಪಕರು ಒಳಗೇ ಬಂದು ಕೂತರು. ಇಬೇ ಶೇ. 30 ಉಳಿಸಿಕೊಂಡಿತು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಇಡೀ ಕಂಪನಿ ಕೊಂಡಾಗ ನಷ್ಟ ಬರೆದಿದ್ದ ಇಬೇಗೂ ಕೊನೆಗೆ ಲಾಭವೇ ಆಯಿತು. ಕೊಂಡದ್ದರಿಂದಲ್ಲ, ಇನ್ನೊಬ್ಬ ಕೊಳ್ಳುವವನು ಸಿಕ್ಕಿದ್ದರಿಂದ.

ಇನ್ನು ನಿಜವಾದ ವಿದ್ಯೆಯ ಬೆಲೆ ನೋಡಿ. ಅಟಲ್ ಅವರ ಮುನ್ನಂದಾಜನ್ನು ಇಂಟರ್ನೆಟ್‌ನ ಏರುಪೇರಿಗೆ ಒಗ್ಗಿಸಿ, ಕಳೆದ ತುಣುಕನ್ನು ಕಿವಿಗೆ ಗೊತ್ತಾಗದಂತೆ ತುಂಬುವ ಕೆಲಸದಲ್ಲಿ ಪಳಗಿದ ಕಂಪನಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಗ್ಲೋಬಲ್ ಐಪಿ ಸೊಲ್ಯೂಷನ್ಸ್. ಮೊದಲ ವರ್ಷಗಳಲ್ಲಿ ಸ್ಕೈಪ್ ಕೂಡ ಇವರ ತಂತ್ರ ಬಳಸಿತ್ತು. 2010ರಲ್ಲಿ ಗೂಗಲ್ ಇದನ್ನು ಕೊಂಡದ್ದು 6.82 ಕೋಟಿ ಡಾಲರ್‌ಗೆ. ಮರುವರ್ಷ ಸ್ಕೈಪ್‌ಗೆ ಸಿಕ್ಕಿದ್ದರಲ್ಲಿ ಇದು ನೂರನೇ ಒಂದು ಭಾಗವೂ ಅಲ್ಲ. ಕೊಂಡ ಗೂಗಲ್ ಆ ವಿದ್ಯೆಯನ್ನು 2011ರಲ್ಲಿ ವೆಬ್‌ಆರ್‌ಟಿಸಿ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಬಿಟ್ಟಿ ಕೊಟ್ಟುಬಿಟ್ಟಿತು. ಕರೆ ಮಾಡಿಸುವ ವಿದ್ಯೆ ಯಾರ ಮನೆಯ ಸ್ವತ್ತೂ ಆಗಿ ಉಳಿಯಲಿಲ್ಲ.

ಹಾಗಾದರೆ ಕೋಟಿಗಟ್ಟಲೆ ಡಾಲರ್ ಸಂದದ್ದು ಯಾವುದಕ್ಕೆ? ಭಾಗಾಕಾರ ಮಾಡಿ ನೋಡಿದರೆ ಲೆಕ್ಕವೇ ಬಾಯಿ ಬಿಡುತ್ತದೆ. 2005ರಲ್ಲಿ ಸ್ಕೈಪ್ ಬಳಕೆದಾರರು 5.4 ಕೋಟಿ, ತಲೆಗೆ 48 ಡಾಲರ್ ಬಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ 17 ಕೋಟಿ, ತಲೆಗೆ 50. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ವಾಟ್ಸ್‌ಆ್ಯಪ್‌ಗೆ 1,900 ಕೋಟಿ ಡಾಲರ್ ಎಂದು ಸಾರಿದಾಗ ಬಳಕೆದಾರರು 45 ಕೋಟಿ, ತಲೆಗೆ 42. ಒಂಬತ್ತು ವರ್ಷ, ಮೂರು ವ್ಯಾಪಾರ, ತಲೆಯ ಬೆಲೆ ಹೆಚ್ಚುಕಡಿಮೆ ಒಂದೇ. ಮಾತು ಚೆನ್ನಾಗಿ ಕೇಳುತ್ತದೋ, ಆದಾಯವಿದೆಯೋ ಎಂಬುದು ಆ ಬೆಲೆಯೊಳಗೆ ಇರಲೇ ಇಲ್ಲ. ವಾಟ್ಸ್‌ಆ್ಯಪ್‌ನ ಹಿಂದಿನ ವರ್ಷದ ಆದಾಯ 1.02 ಕೋಟಿ ಡಾಲರ್, ಕೆಲಸಗಾರರು 55 ಮಂದಿ. ಇನ್ನೂ ಸ್ವಾರಸ್ಯವೆಂದರೆ ಕೊಂಡ ದಿನ ವಾಟ್ಸ್‌ಆ್ಯಪ್‌ನಲ್ಲಿ ಕರೆಯ ಸೌಲಭ್ಯವೇ ಇರಲಿಲ್ಲ. ಅದು ಬಂದದ್ದು 2015ರಲ್ಲಿ.

ತಲೆಯ ಬೆಲೆ ಒಂದೇ ಆದರೂ ತಲೆಗಳು ಒಂದೇ ಆಗಿರಲಿಲ್ಲ. ಸ್ಕೈಪ್‌ಗೆ ಬೇರೆ ಹೆಸರು ಕಟ್ಟಿಕೊಳ್ಳಬೇಕು, ಪಾಸ್‌ವರ್ಡ್ ಬೇಕು, ಕಂಪ್ಯೂಟರಿನ ಮುಂದೆ ಹೇಳಿದ ಹೊತ್ತಿಗೆ ಕೂರಬೇಕು. ಅಮೆರಿಕದ ಮಗ ಭಾನುವಾರ ಬೆಳಿಗ್ಗೆ ಎಂದರೆ ಚಾಮರಾಜನಗರದ ಅಪ್ಪ ಸೈಬರ್ ಕೆಫೆಗೆ ಹೋಗಬೇಕಿತ್ತು. ವಾಟ್ಸ್‌ಆ್ಯಪ್ ಕೇಳಿದ್ದು ಫೋನ್ ನಂಬರ್ ಒಂದನ್ನೇ. ಫೋನಿನಲ್ಲಿದ್ದ ನಂಬರುಗಳ ಪಟ್ಟಿಯೇ ಅದರ ಊರಾಯಿತು. ಗೊಬ್ಬರದಂಗಡಿಯವರು, ಚೆಂಡುಹೂವಿನ ಏಜೆಂಟ್, ಮಗಳ ಬೀಗರು ಎಲ್ಲ ಮೊದಲೇ ಅಲ್ಲಿದ್ದರು. ‘ಕರೆನ್ಸಿ ಇಲ್ಲ, ವಾಟ್ಸ್‌ಆ್ಯಪ್ ಮಾಡು’ ಎಂಬ ಮಾತು ಹುಟ್ಟಿದ್ದು ಹೀಗೆ.

ಫೋನ್ ಕಂಪನಿಗಳಿಗೆ ಇದು ನುಂಗಲಾರದ ತುತ್ತು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಯ ಡೇಟಾಗೆ ಬೇರೆಯೇ ದರ ಎಂದು ಸಾರಿ, ಜನ ಎದ್ದು ಕೂಗಿದಮೇಲೆ ವಾರದೊಳಗೆ ಹಿಂದೆಗೆಯಿತು. ದೂರಸಂಪರ್ಕ ನಿಯಂತ್ರಕ ಟ್ರಾಯ್ 2016ರ ಫೆಬ್ರವರಿಯಲ್ಲಿ ಇಂಥ ಭೇದದ ದರಗಳನ್ನೇ ನಿಷೇಧಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಬಂದ ಜಿಯೋ, ಕರೆಗೆ ದುಡ್ಡೇ ಬೇಡ, ಡೇಟಾಗೆ ಕೊಡಿ ಎಂದಿತು. ಜಿಯೋದ ಮಾಮೂಲಿ ಕರೆಯೂ ಒಳಗೆ ನೋಡಿದರೆ ಡೇಟಾ ತುಣುಕುಗಳೇ. ಕೊಹೆನ್ 1974ರಲ್ಲಿ ಮಾಡಿದ್ದು ನಮ್ಮಲ್ಲಿ ಹಳ್ಳಿಹಳ್ಳಿಯ ವಾಡಿಕೆಯಾಯಿತು, ಹೆಸರು ಬದಲಾಗಿ.

ಕರೆಗೆ ಇಂದಿಗೂ ಬೆಲೆ ಉಳಿದಿರುವುದು ಗೇಟು ಹಾಕಿದ ಕಡೆ. ಕಲ್ಲಿಕೋಟೆ ರಸ್ತೆಯ ಮೇಲಿರುವ ಗುಂಡ್ಲುಪೇಟೆಗೆ ಕೊಲ್ಲಿ ದೇಶಗಳ ಸುದ್ದಿ ಹೊಸದಲ್ಲ. ಬೇಕರಿ, ಹೋಟೆಲು ಇಟ್ಟ ವಯನಾಡಿನವರ ಅಣ್ಣತಮ್ಮಂದಿರು ಅಲ್ಲಿ ದುಡಿಯುತ್ತಾರೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ. ಸರ್ಕಾರ ಒಪ್ಪಿದ ಬೊಟಿಮ್‌ನಂಥ ಆ್ಯಪ್ ಬೇಕು, ಅದಕ್ಕೆ ಅಲ್ಲಿನ ಎತಿಸಲಾತ್ ತಿಂಗಳಿಗೆ 50 ದಿರ್ಹಾಮ್ ಪ್ಯಾಕ್ ಮಾರಿತು. ಚಾಮರಾಜನಗರ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಕೊಳ್ಳೇಗಾಲದಾಚೆ ಒಡೆಯರಪಾಳ್ಯದಲ್ಲಿ, ಟಿಬೆಟನ್ನರ ನೆಲೆಯಿದೆ. ದೇಶಬಿಟ್ಟ ಟಿಬೆಟನ್ನರಿಗೆ ಒಳಗಿನ ಬಂಧುಗಳ ಜೊತೆ ಮಾತಾಡಲು ಇದ್ದ ಮುಖ್ಯ ದಾರಿ ಚೀನಾದ ವಿಚಾಟ್. ಚೀನಾ ವಾಟ್ಸ್‌ಆ್ಯಪ್ ಬಿಡುವುದಿಲ್ಲ. 2020ರ ಜೂನ್ 29ರಂದು ಭಾರತ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ವಿಚಾಟ್ ಕೂಡ ಹೋಯಿತು. ವಿದ್ಯೆ ಬಿಟ್ಟಿಯಾದಮೇಲೂ ಕೀಲಿ ಸರ್ಕಾರಗಳ ಕೈಯಲ್ಲೇ ಇದೆ ಎಂಬುದನ್ನು ಆ ಜನರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಬೆಲೆ ಸಂದಿತೇ ಎಂದು ಒಂದೊಂದನ್ನೇ ಕೇಳಿದರೆ ನನ್ನ ಉತ್ತರ ಹೀಗೆ. ಕರೆಯನ್ನೇ ಸರಕೆಂದು ಕೊಂಡ ಎಟಿ ಅಂಡ್ ಟಿ ಕೈಸುಟ್ಟುಕೊಂಡಿತು. ಕರೆಗೊಂದು ಹೊಸ ಕೆಲಸ ಹುಡುಕಲು ಹೋದ ಇಬೇ ತಪ್ಪಿತು, ಅದೃಷ್ಟದಿಂದ ಪಾರಾಯಿತು. ಮೈಕ್ರೋಸಾಫ್ಟ್ ಕೊಂಡ ತಲೆಗಳು ಮೊಬೈಲಿನತ್ತ ಹೊರಟುಹೋದವು. 2025ರ ಮೇ 5ರಂದು ಸ್ಕೈಪ್ ಬಾಗಿಲು ಹಾಕಿತು. ಸ್ವೀಡನ್ನಿನ ಎರಿಕ್‌ಸನ್ 2022ರಲ್ಲಿ ಇಂಟರ್ನೆಟ್ ಕರೆಯ ಕಂಪನಿ ವೊನೇಜ್‌ಗೆ 620 ಕೋಟಿ ಡಾಲರ್ ಕೊಟ್ಟು, ಮರುವರ್ಷವೇ ಅದರ ಅರ್ಧದಷ್ಟನ್ನು ಲೆಕ್ಕದಿಂದ ಹೊಡೆದುಹಾಕಿತು. ವಾಟ್ಸ್‌ಆ್ಯಪ್ ಒಂದೇ ಇದಕ್ಕೆ ಹೊರತು. ಅದರಲ್ಲಿ ಫೇಸ್‌ಬುಕ್‌ಗೆ ಸಿಕ್ಕದ್ದು ಕರೆಯಲ್ಲ, ಊರಿನ ನಂಬರುಗಳ ಪಟ್ಟಿ. ಪಟ್ಟಿ ಸಿಕ್ಕಮೇಲೆ 2020ರ ಏಪ್ರಿಲ್‌ನಲ್ಲಿ 43,574 ಕೋಟಿ ರೂಪಾಯಿ ಕೊಟ್ಟು ಜಿಯೋದಲ್ಲೂ ಶೇ. 9.99 ಪಾಲು ಕೊಂಡಿತು.

ಸತ್ತ ಸ್ಕೈಪ್‌ನದು ಒಂದು ಚೂರು ಮಾತ್ರ ಬದುಕಿದೆ. ಅದರ ಎಂಜಿನಿಯರುಗಳು ಮುನ್ನಂದಾಜಿನ ಮೇಲೆ ಕಟ್ಟಿದ ಸಿಲ್ಕ್ ಎಂಬ ಧ್ವನಿತಂತ್ರ 2012ರಲ್ಲಿ ಓಪಸ್ ಎಂಬ ಉಚಿತ ಮಾನದಂಡದ ಅರ್ಧವಾಯಿತು. ವಾಟ್ಸ್‌ಆ್ಯಪ್ ಕರೆಗಳಿಗೆ ಬಳಕೆಯಾದದ್ದು ಓಪಸ್. ತೆರಕಣಾಂಬಿಯ ವ್ಯಾಪಾರಿ ಬೀನ್ಸ್‌ನ ಫೋಟೊ ಕಳಿಸಿ, ಕರೆ ಮಾಡಿ, ಕೇರಳದವನ ಜೊತೆ ದರ ಮುರಿಯುತ್ತಾನೆ. ಇಬೇ 2005ರಲ್ಲಿ ಕಂಡ ಕನಸು ಅಕ್ಷರಶಃ ಇದೇ. ಆ ಕರೆಗೆ, ಫೇಸ್‌ಬುಕ್‌ನ ಇಂದಿನ ಹೆಸರಾದ ಮೆಟಾ, ಅವನಿಂದ ಒಂದು ಪೈಸೆಯನ್ನೂ ಪಡೆಯುವುದಿಲ್ಲ.